ಕೇಳಿ ಒಳಗೆ ಬರುತ್ತಿದ್ದ ಶಾಹೀನಾ

ಕಂಪ್ಯೂಟರಿನೊಳಗೆ ಬರುವ ಮುಂಚೆ ಅಪ್ಪಣೆ ಕೇಳುತ್ತಿದ್ದವಳನ್ನು ನಾನು ಕಂಡಿದ್ದು ಒಬ್ಬಳನ್ನೇ, ನಮ್ಮ ಶಾಹೀನಾಳನ್ನು. ಹರಿಹರದ ತನ್ನ ಮನೆಯಲ್ಲಿ ಕೂತು ದಾವಣಗೆರೆಯ ನಮ್ಮ ಬಟ್ಟೆ ಅಂಗಡಿಯ ಕಂಪ್ಯೂಟರಿಗೆ ಕೈ ಹಾಕಬೇಕಾದಾಗಲೆಲ್ಲ ಮೊದಲು ನನ್ನ ಫೋನ್ ರಿಂಗಾಗುತ್ತಿತ್ತು. "ಗಿರಿಜಕ್ಕಾ, ಒಳಗೆ ಬರ್ಲಾ?" ನಾನು ಬಿಲ್ ಮಾಡುತ್ತಿದ್ದರೆ "ತಡಿಯಮ್ಮ, ಗಿರಾಕಿ ಅದಾರೆ" ಎನ್ನುತ್ತಿದ್ದೆ. ತಡೆಯುತ್ತಿದ್ದಳು. ನಾನು "ಬಾರಮ್ಮ" ಅಂದಮೇಲೇ ನನ್ನ ಸ್ಕ್ರೀನ್ ಖಾಲಿಯಾಗುತ್ತಿತ್ತು.

ಅಂಗಡಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಮೂವತ್ತು ದಾಟಿತ್ತು, ಮದುವೆಯ ಮಾತೆತ್ತಿದರೆ ಪ್ರಿಂಟರ್ ಕಡೆ ತಿರುಗಿಬಿಡುತ್ತಿದ್ದಳು. ಯಂತ್ರಗಳನ್ನು ಉರ್ದುವಿನಲ್ಲಿ ಬೈಯುತ್ತಿದ್ದಳು, ನಮ್ಮನ್ನು ಕನ್ನಡದಲ್ಲಿ. ಪ್ಲಗ್ ಕಿತ್ತು ಫ್ಯಾನ್ ಹಾಕಿಕೊಂಡವರಿಗೆ, ಕೀಬೋರ್ಡಿನ ಮೇಲೆ ಮಂಡಕ್ಕಿ ಉದುರಿಸಿದವರಿಗೆ ಅವಳಿಂದ ಬಿಡುಗಡೆ ಇರಲಿಲ್ಲ. ಬೈದ ಅರ್ಧ ಗಂಟೆಗೆಲ್ಲ ಬಂದು ಅದೇ ಮಂಡಕ್ಕಿಗೆ ಕೈ ಹಾಕುತ್ತಿದ್ದಳು.

ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ನಾವು ವರ್ಷಗಟ್ಟಲೆ ಬಳಸಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲಿ ಓಡಲೊಲ್ಲದು. ಶಾಹೀನಾ ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂತು ಆ ಹೊಸದರ ಹೊಟ್ಟೆಯೊಳಗೇ ಹಳೆಯ ಕಾಲದ ಇನ್ನೊಂದು ಕಂಪ್ಯೂಟರನ್ನು ಎಬ್ಬಿಸಿದಳು. ವರ್ಚುವಲ್ ಮಷೀನ್ ಅಂದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ, "ಹೊಸ ಮನಿಯೊಳಗೆ ನಿಮ್ ಹಳೇ ಅಡಿಗಿಮನಿ ಹಂಗೇ ಇಟ್ಟೀನಕ್ಕ. ಡಬ್ಬಿ ಎಲ್ಲಿದ್ವೋ ಅಲ್ಲೇ ಅದಾವು" ಅಂದಳು. ಕೌಂಟರಿನಲ್ಲಿ ಕೂತ ನಾನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಹೋಗಿ ಬಿಲ್ ಮಾಡಬೇಕು. ಅಲ್ಲಿ ಒಂದು ಹೊತ್ತಿಗೆ ಒಬ್ಬರಿಗೇ ಜಾಗ. ಇನ್ನೊಬ್ಬರು ಬಂದರೆ ಕೂತವರು ತಾವಾಗಿ ಹೊರಗೆ ಬೀಳುತ್ತಾರೆ.

ಅದೇ ವರ್ಷ ಅವಳ ತಾಯಿಗೆ ಲಕ್ವ ಹೊಡೆಯಿತು. ಮನೆಯಲ್ಲಿ ಇವರಿಬ್ಬರೇ. ಕೆಲಸ ಬಿಟ್ಟರೆ ಔಷಧಿಗೆ ದಾರಿಯಿಲ್ಲ, ಬಿಡದಿದ್ದರೆ ಅಮ್ಮನ ಬಾಯಿಗೆ ನೀರು ಬಿಡುವವರಿಲ್ಲ. ಅಂಗಡಿಯ ಸಾವ್ಕಾರ್ರ ಮುಂದೆ ಹೋಗಿ ನಿಂತಳು. ಅವರು ಕೆಟ್ಟವರಲ್ಲ. "ಕೆಲಸ ನಿಲ್ದಂಗಿದ್ರೆ ಮನ್ಯಾಗ ಕುಂತೇ ಮಾಡವ್ವ" ಅಂದರು. ಅವಳು ತನ್ನ ಲ್ಯಾಪ್‌ಟಾಪಿಗೆ ಮಾತ್ರ ಹೊರಗಿನಿಂದ ದಾರಿ ಬಿಡುವಂತೆ ಫೈರ್‌ವಾಲ್ ಸರಿಮಾಡಿ, ಪಾಸ್‌ವರ್ಡ್ ಬಿಗಿ ಮಾಡಿ ಹರಿಹರದ ಬಸ್ ಹತ್ತಿದಳು. ಸಂಜೆ ಫೋನ್ ಬಂತು.

"ಅಕ್ಕ, ನಿಮ್ ಸ್ಕ್ರೀನ್ ಹೋತಾ?"

"ಹೋತು."

"ಹಂಗಾರೆ ನಾನ್ ಬಂದೆ." ಫೋನಿನಲ್ಲೇ ನಕ್ಕಳು. ಹಿಂದೆಯೇ ಅವಳ ಅಮ್ಮ ತೊದಲುತ್ತ ಏನೋ ಕೇಳಿದ್ದೂ, ಇವಳು ಉರ್ದುವಿನಲ್ಲಿ "ಆಯಿ ಅಮ್ಮೀ", ಬಂದೆ ಅಮ್ಮ, ಅಂದಿದ್ದೂ ಕೇಳಿಸಿತು. ಎರಡು ಊರಿನಲ್ಲಿ ಒಟ್ಟಿಗೆ ಇರುವುದನ್ನು ಆ ಹುಡುಗಿ ಸಾಧಿಸಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ಕೇಳಲಿಲ್ಲ.

"ದಿನಾ ಏನ್ ಕೇಳ್ತೀಯೆ, ಸುಮ್ನೆ ಬಂದುಬಿಡು" ಎಂದು ಒಮ್ಮೆ ನಾನೇ ಹೇಳಿದ್ದೆ. ಒಪ್ಪಲಿಲ್ಲ. "ನಮ್ ಬಾಗಿಲಿಗೆ ಪರದೆ ಇರ್ತೈತಲ್ಲಕ್ಕ, ಅದರಾಚೆ ನಿಂತು ಕೆಮ್ಮದೆ ನಮ್ಮಪ್ಪನೂ ಒಳಗೆ ಬರ್ತಿರ್ಲಿಲ್ಲ. ಮನಿ ಅವರ್ದೇ. ಆದ್ರೂ ಒಳಗೆ ಯಾರು ಹೆಂಗೆ ಕುಂತಾರೋ ಅಂತ."

ಸಾವ್ಕಾರ್ರ ಅಳಿಯ ವ್ಯವಹಾರಕ್ಕೆ ಇಳಿದದ್ದು ಆಮೇಲೆ. ಎಸ್.ಎಸ್. ಬಡಾವಣೆಯ ಮನೆಯ ಸೋಫಾದಲ್ಲೇ ಅಂಗಡಿ ಕಾಣಬೇಕು ಎಂಬ ಹಂಬಲ ಅವರದು. ಶಾಹೀನಾ ಅವರಿಗೂ ದಾರಿ ಮಾಡಿಕೊಟ್ಟಳು. ಅಂದಿನಿಂದ ಮನೆಗೆ ಬಂದ ನೆಂಟರಿಗೆಲ್ಲ ಲ್ಯಾಪ್‌ಟಾಪ್ ತೆಗೆದು ತೋರಿಸುವುದೇ ಅವರ ಉದ್ಯೋಗವಾಯಿತು. ಫೋನ್ ಇಲ್ಲ, ಸುದ್ದಿ ಇಲ್ಲ, ಒಳಗೆ ಬಂದುಬಿಡುತ್ತಿದ್ದರು. ಒಂದು ದಿನ ಭಾನುವಳ್ಳಿಯಿಂದ ಮದುವೆ ಜವಳಿಗೆ ಬಂದಿದ್ದ ಕುಟುಂಬವೊಂದು ಸೀರೆಗಳನ್ನೆಲ್ಲ ಆರಿಸಿ ಮುಗಿಸಿ ನನ್ನ ಮುಂದೆ ನಿಂತಿತ್ತು. ಬಿಲ್ ಅರ್ಧಕ್ಕೆ ಬಂದಾಗ ನಾನು ಹೊರಗೆ ಬಿದ್ದೆ. ಮತ್ತೆ ಒಳಗೆ ಹೋದರೆ ಮತ್ತೆ ಹೊರಗೆ. ಬಸ್ಸಿನ ಹೊತ್ತಾಯಿತೆಂದು ಗೊಣಗುತ್ತ ಅವರು ಆರಿಸಿದ್ದನ್ನು ಅಲ್ಲೇ ಬಿಟ್ಟು ಎದುರಿನ ಅಂಗಡಿಗೆ ಹೋದರು.

ಮರುದಿನ ಅಳಿಯ ಅಂಗಡಿಗೆ ಬಂದಾಗ, ಪ್ರಿಂಟರ್ ನೋಡಲೆಂದು ಹರಿಹರದಿಂದ ಬಂದಿದ್ದ ಶಾಹೀನಾ ಎಲ್ಲರ ಮುಂದೆ ಹೇಳಿದಳು. "ಸರ್, ಅಕ್ಕ ಕುಂತಿರ್ತಾರೆ. ಒಂದು ಫೋನ್ ಮಾಡಿ ಬರ್ರಿ."

"ನಮ್ಮ ಅಂಗಡಿಗೆ ನಾವು ಬರಾಕೆ ಯಾರನ್ನ ಕೇಳ್ಬೇಕಮ್ಮ?"

"ಅಂಗಡಿ ನಿಮ್ದೇ ರೀ ಸರ್. ಕುಂತೋರು ಮನುಷ್ಯರಲ್ಲೇನ್ರಿ?"

ಅವರು ನಕ್ಕರು. ಆ ನಗು ನನಗೆ ಸರಿಬರಲಿಲ್ಲ. ಕೆಲವು ವಾರಗಳಲ್ಲೇ ಅದು ಏನೆಂದು ಗೊತ್ತಾಯಿತು. ಹರಿಹರದಲ್ಲಿ ಕೂತು ಮಾಡಬಹುದಾದ ಕೆಲಸವನ್ನು ಎಲ್ಲಿ ಬೇಕಾದರೂ ಕೂತು ಮಾಡಬಹುದಲ್ಲ, ಇದಕ್ಕೊಂದು ಆಳು ಯಾಕೆ ಎಂದು ಮಾವನಿಗೆ ಲೆಕ್ಕ ಒಪ್ಪಿಸಿದ್ದರು. ಯಾವುದೋ ಊರಿನ ಯಾವುದೋ ಕಂಪನಿಗೆ ಕೆಲಸ ವಹಿಸಿದರು. ಅವಳು ಅಮ್ಮನಿಗಾಗಿ ಮಾಡಿಕೊಂಡ ದಾರಿಯಲ್ಲೇ ಅವಳ ಅನ್ನ ಹೊರಟುಹೋಯಿತು. ಕೆಟ್ಟವರಲ್ಲದ ಸಾವ್ಕಾರ್ರು ತಲೆ ತಗ್ಗಿಸಿ ಪೇಪರ್ ಓದುತ್ತಿದ್ದರು. ತಿಂಗಳ ಕೊನೆಯ ತನಕ ಹೊಸಬರಿಗೆ ಎಲ್ಲ ಹೇಳಿಕೊಡಬೇಕು ಎಂಬ ಅಪ್ಪಣೆ ಬೇರೆ.

ನಾನವಳನ್ನು ಕೊನೆಯ ಸಲ ಕಂಡಿದ್ದು ಆ ತಿಂಗಳು ಮುಗಿಯುವ ಮುಂಚೆ, ಅಂಗಡಿಗೆ ರಜೆಯಿದ್ದ ದಿನ. ಹಣ್ಣು ತೆಗೆದುಕೊಂಡು ಹರಿಹರಕ್ಕೆ ಹೋದೆ. ಬಾಗಿಲ ಪರದೆಯ ಹೊರಗೆ ನಿಂತು ಕೆಮ್ಮಿದೆ. "ಬರ್ರಿ ಅಕ್ಕ, ಕೂಡ್ರಿ" ಎಂದು ಒಳಗೆ ಕರೆದಳು. ಒಳಕೋಣೆಯಲ್ಲಿ ಅವಳ ಅಮ್ಮ ಮಲಗಿದ್ದರು. ಇವಳು ಲ್ಯಾಪ್‌ಟಾಪ್ ಮುಂದೆ ಕೂತು ನಮ್ಮ ಅಂಗಡಿಯ ಆ ಹಳೇ ಅಡಿಗೆಮನೆಯೊಳಗೆ ಹೊಸಬರಿಗಾಗಿ ಎಲ್ಲ ಒಪ್ಪ ಮಾಡುತ್ತಿದ್ದಳು. "ಪಾಪ, ಬಂದೋರು ಹುಡುಕಾಡಬಾರ್ದಲ್ಲಕ್ಕ" ಅಂದಳು. ನನಗೆ ಸಿಟ್ಟು ಬಂತು. "ಬಿಡೆ, ಹಾಳಾಗಿ ಹೋಗ್ಲಿ" ಅಂದೆ. ಅವಳು ಬಿಡಲಿಲ್ಲ.

ಮಾತಿನ ನಡುವೆ ಅವಳ ಸ್ಕ್ರೀನ್ ಖಾಲಿಯಾಯಿತು. ಬೇರೊಬ್ಬರು ಒಳಗೆ ಬಂದಿದ್ದಾರೆ, ನಿಮ್ಮ ಸಂಪರ್ಕ ಕಡಿದಿದೆ ಎಂಬ ಒಂದು ಸಾಲು ಬಂತು.

ಅವಳು ಮಗ್ಗುಲಲ್ಲಿದ್ದ ಫೋನನ್ನು ನೋಡಿದಳು. ಎತ್ತಿ ಸದ್ದು ಇದೆಯೇ ಎಂದು ಪರೀಕ್ಷಿಸಿ ಮತ್ತೆ ಇಟ್ಟಳು. ಫೋನ್ ಬರಲಿಲ್ಲ. ಆಮೇಲೆ ಪಾಸ್‌ವರ್ಡ್ ಹಾಕಿದಳು. ಅದು ತಪ್ಪು ಎಂದು ಬಂತು. ನಿಧಾನವಾಗಿ ಇನ್ನೊಮ್ಮೆ ಹಾಕಿದಳು. ಬದಲಾಯಿಸಿಬಿಟ್ಟಿದ್ದರು.

ಬಂದವರು ಯಾರೆ ಎಂದು ನಾನು ಅಂದಿದ್ದು ಒಳಗೆ ಕೇಳಿಸಿತೋ ಏನೋ, ಅಮ್ಮ ತೊದಲಿದರು. "ಕೋನ್ ಆಯಾ ಬೇಟಾ?"

ಯಾರು ಬಂದರು ಎಂದು ಕೇಳುತ್ತಿದ್ದರು. ಶಾಹೀನಾ ಲ್ಯಾಪ್‌ಟಾಪ್ ಮುಚ್ಚಿದಳು.

"ಕೋಯಿ ನೈ ಅಮ್ಮೀ" ಅಂದಳು. "ಆತೆ ಸೋ ಲೋಗಾ ಪೂಛ್ ಕೋ ಆತೆ." ನನ್ನ ಕಡೆ ತಿರುಗಿ, ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು: "ಯಾರೂ ಬಂದಿಲ್ಲ ಅಂದೆ. ಬರೋರು ಕೇಳಿ ಬರ್ತಾರಲ್ಲಕ್ಕ."