ಕತ್ತಲಲ್ಲಿ ಹೆಸರು ಹೇಳುವ ನಲ್ಲಪ್ಪ

ಕಟ್, ಕಟ್. ಒಣಕಡ್ಡಿ ಮುರಿದಷ್ಟೇ ಸದ್ದು. ದಿಬ್ಬೂರಹಳ್ಳಿಯ ಹಿಂದಿನ ಗುಡ್ಡದಲ್ಲಿ ಬೆಳಗಾಗಲು ಇನ್ನೂ ಮೂರು ಗಂಟೆ ಇದೆ. ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ ನಲ್ಲಪ್ಪ ಬೀಡಿ ಹೊಸಕಿ ನಿಲ್ಲುತ್ತಾರೆ. ಬಂಡೆಯ ಮೇಲೆಲ್ಲೋ ಕೊಂಬಿನ ಗೂಬೆ ಕೊಕ್ಕು ಕಟಕಟಿಸುತ್ತಿದೆ. ಗೂಡಿನ ಹತ್ತಿರ ಯಾರೋ ಬಂದಿದ್ದಾರೆ.

ಐವತ್ತೆರಡರ ನಲ್ಲಪ್ಪನವರಿಗೆ ಓದುಬರಹ ಬಾರದು. ಆದರೆ 1981ರಿಂದ, ಈ ಹನ್ನೊಂದು ವರ್ಷ, ಚಿಂತಾಮಣಿಯ ಕಾಲೇಜು ಮೇಷ್ಟ್ರು ಅನಂತರಾಮಯ್ಯ ಪ್ರತಿ ಭಾನುವಾರ ನಸುಕಿಗೇ ಇವರನ್ನು ಹುಡುಕಿಕೊಂಡು ಬರುತ್ತಾರೆ. ಪೊದೆಯೊಳಗಿನ ಹಕ್ಕಿ ಕಾಣುವ ಮೊದಲೇ ನಲ್ಲಪ್ಪ ಹೆಸರು ಕೂಗುತ್ತಾರೆ, ಮೇಷ್ಟ್ರು ಬರೆದುಕೊಳ್ಳುತ್ತಾರೆ. ಅರವತ್ತೆಂಟು ಜಾತಿಯ ಹಕ್ಕಿ, ಒಂದೂ ತಪ್ಪಿಲ್ಲ. "ಗೌಜಲು ಗಂಡೋ ಹೆಣ್ಣೋ ಅಂತಾನೂ ಹೇಳ್ತೀನಿ. ಮನೇಲಿ ನಮ್ಮ ಕೊಂಡಮ್ಮ ಕರೆದ್ರೆ ಮಾತ್ರ ಕೇಳ್ಸಲ್ಲ," ಎಂದು ನಗುತ್ತಾರೆ.

ಹೋದ ವರ್ಷ ಈ ಗೂಬೆಯ ಸುದ್ದಿಯನ್ನೂ ಹಾಗೆಯೇ ಟೀ ಅಂಗಡಿಯಲ್ಲಿ ಹೇಳಿಬಿಟ್ಟಿದ್ದರು. ಮೂರನೇ ದಿನಕ್ಕೆ ಗೂಡಿನಲ್ಲಿ ಮರಿಗಳಿಲ್ಲ. ನಿಧಿ ಅಗೆಯುವವರಿಗೆ ಅಮಾವಾಸ್ಯೆಯ ಪೂಜೆಗೆ ಗೂಬೆ ಬೇಕಂತೆ. "ನನ್ನ ಬಾಯೇ ತಿಂತು ಅವನ್ನ," ಎನ್ನುವಾಗ ಅವರ ದನಿ ಇಳಿಯುತ್ತದೆ.

ನಾಡಿದ್ದು ಮತ್ತೆ ಅಮಾವಾಸ್ಯೆ. ಬಂಡೆಯ ಬಳಿ ಟಾರ್ಚು ಹೊತ್ತುತ್ತದೆ. ಗೋಣಿಚೀಲ ಹಿಡಿದು ನಿಂತಿದ್ದಾನೆ ಪೆರೇಸಂದ್ರದ ಚನ್ನಕೇಶವ.

"ಏನ್ ನಲ್ಲಪ್ಪಣ್ಣ, ನಿದ್ದೆ ಬರಲ್ವಾ? ಬಾ ಬಾ, ನಿನ್ನ ಕಿವೀನೇ ಬೇಕಾಗಿತ್ತು."

ಅವನ ಕೈ ಬಂಡೆಯ ಬಿರುಕಿನ ಬಾಯಲ್ಲಿದೆ. ಒಳಗಿನಿಂದ ಬುಸ್ಸೆಂಬ ಸದ್ದು. ಹಿಂದೆಯೇ ಇನ್ನೊಂದು. ಮರಿಗಳು, ಎರಡು.

"ಇದು ಮರೀನೇ ತಾನೇ?"

ನಲ್ಲಪ್ಪ ಹತ್ತಿರ ಬಂದು ಬಿರುಕಿಗೆ ಕಿವಿ ಕೊಡುತ್ತಾರೆ. ದನಿ ಸ್ವಲ್ಪ ನಡುಗಿದರೂ ಇವನಿಗೆ ಗೊತ್ತಾಗಿಬಿಡುತ್ತದೆ.

"ಕೊಳಕುಮಂಡಲ ಹಾವು ಕಣಪ್ಪ. ಜೋಡಿ. ಹಾಕು ಕೈನ, ನಿನ್ನ ಹೆಂಡ್ತಿಗೆ ನಾನೇ ಹೋಗಿ ಸುದ್ದಿ ಮುಟ್ಟಿಸ್ತೀನಿ."

ಕೈ ಸರಕ್ಕನೆ ಹಿಂದಕ್ಕೆ ಬರುತ್ತದೆ. "ನಿಜವಾ?"

"ನಾನ್ಯಾವತ್ತು ತಪ್ಪು ಹೇಳಿದೀನೋ?"

ಅದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿರುವ ಮಾತು. ಚನ್ನಕೇಶವ ಖಾಲಿ ಚೀಲದೊಂದಿಗೆ ಎಡವುತ್ತ ಇಳಿಜಾರು ಇಳಿಯುತ್ತಾನೆ.

ಮೂಡಣ ಬೆಳ್ಳಗಾಗುವಾಗ ಮೇಷ್ಟ್ರು ಬಂದು ಪುಸ್ತಕ ಬಿಡಿಸುತ್ತಾರೆ. "ರಾತ್ರಿ ಏನೇನು ಕೂಗ್ತು?"

"ಟಿಟ್ಟಿಭ ಎರಡು ಸಾ, ಹಾಲಕ್ಕಿ ಒಂದು."

"ಕೊಂಬಿನ ಗೂಬೆ?"

ಪೆನ್ನು ಕಾಯುತ್ತಿದೆ. ಬರೆದದ್ದನ್ನು ಮೇಷ್ಟ್ರು ಹತ್ತು ಜನರಿಗೆ ಓದಿ ಹೇಳುತ್ತಾರೆ, ಹೆಮ್ಮೆಯಿಂದ, ಇವರ ಹೆಸರು ಸೇರಿಸಿಯೇ.

"ಇಲ್ಲ ಸಾ," ಎನ್ನುತ್ತಾರೆ ನಲ್ಲಪ್ಪ. ಮರಿಗಳಿಗೆ ರೆಕ್ಕೆ ಬಲಿತು ಹಾರುವ ತನಕ ಈ ರಾತ್ರಿಯ ಸಂಗತಿಯನ್ನು ಯಾರೊಬ್ಬರಿಗೂ ಹೇಳಬಾರದೆಂದು ಅವರು ಆಗಲೇ ನಿಶ್ಚಯಿಸಿಯಾಗಿದೆ.