ಹುಣಸೆ ಬೊಡ್ಡೆ, ಹದಿನಾರು ಇಂಚಿನ ಬಾರು, ಕುಸುಬಿ ಎಣ್ಣೆ

ನಮ್ಮ ಹಾನಗಲ್ಲಿನ ಮನೆಯ ಹಿತ್ತಿಲಲ್ಲಿ ಹುಣಸೆ ಮರ ಬಿದ್ದ ವಾರವೇ ಹುಬ್ಬಳ್ಳಿಯ ಗ್ಯಾಸ್ ಏಜೆನ್ಸಿಯ ಕಾರ್ಡು ಬಂತು. ಒಂದು ತಿಂಗಳು ಹಿಂದೆಮುಂದೆ ಆಗಿದ್ದರೆ ಚೈನ್ ಗರಗಸವೆಂಬ ಪ್ರಾಣಿಯ ಪರಿಚಯ ನನಗೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಗ್ಯಾಸಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಮದುವೆಯ ಹೊಸದರಲ್ಲಿ, ನನ್ನ ಮೇಲಿನ ಪ್ರೀತಿಗೋ ನನ್ನ ಕೆಮ್ಮಿಗೆ ಹೆದರಿಯೋ, ಮಾವನವರಿಗೆ ತಿಳಿಸದೆ ಹೆಸರು ಹಚ್ಚಿ ಬಂದು ಮರೆತುಬಿಟ್ಟಿದ್ದರು. ಈಗ ಕಾರ್ಡು ಹೇಳುತ್ತಿತ್ತು: ನಿಮ್ಮ ಪಾಳಿ ಬಂದಿದೆ, ಹದಿನೈದು ದಿನದೊಳಗೆ ಮನೆಯ ಮಾಲೀಕರ ಸಹಿ ಹಾಕಿಸಿಕೊಂಡು ಬಂದು ಸಿಲಿಂಡರ್ ಒಯ್ಯಿರಿ, ತಪ್ಪಿದರೆ ಮುಂದಿನವರಿಗೆ ಹೋಗುತ್ತದೆ.

ಕಾರ್ಡು ಇಂಗ್ಲಿಷಿನಲ್ಲಿತ್ತು. ಮನೆಗೆ ಇಂಗ್ಲಿಷಿನಲ್ಲಿ ಏನು ಬಂದರೂ, ಟಾನಿಕ್ ಬಾಟಲಿಯಾಗಲಿ ಟೆಲಿಗ್ರಾಮಾಗಲಿ, ಓದುವುದು ನನ್ನ ಪಾಲು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಒಲೆಯ ಮುಂದೆ ಕೂತು ಕೂತು ನನ್ನ ಕಣ್ಣು ವರ್ಷಪೂರ್ತಿ ಕೆಂಪಾಗಿರುತ್ತಿತ್ತು. ಡಾಕ್ಟರು ಫ್ರ್ಯಾಂಕ್ ಆಗಿ ಹೇಳಿದ್ದರು: ಈ ಹೊಗೆ ತಪ್ಪದಿದ್ದರೆ ಇನ್ನು ಕೆಲವೇ ವರ್ಷಗಳಲ್ಲಿ ಪುಸ್ತಕ ಓದುವುದನ್ನು ಮರೆತುಬಿಡಿ. ನನಗೆ ಸೀರೆ, ಬಂಗಾರದ ಹುಚ್ಚಿರಲಿಲ್ಲ. ಇದ್ದದ್ದು ಅದೊಂದೇ, ಓದುವ ಹುಚ್ಚು. ಹಾಗಾಗಿ ಆ ಕಾರ್ಡನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಗಟ್ಟಿಯಾಗಿ ಓದಿದೆ.

ಮಾವನವರು ನಿವೃತ್ತ ಸಂಸ್ಕೃತ ಪಂಡಿತರು. ವಾದ ಮಾಡದೆ ಅವರು ಉಪ್ಪಿನಕಾಯಿಯನ್ನೂ ಬಡಿಸಿಕೊಂಡವರಲ್ಲ.

"ಗ್ಯಾಸು ಯಾಕ ಬೇಕು?" ಎಂದರು.

"ಕಟ್ಟಿಗಿ ಕಡಿಯೋರು ಸಿಗವಲ್ಲರು, ಅಪ್ಪಾ," ಎಂದರು ನಮ್ಮವರು. ಮಾತು ಖರೆ. ವರ್ಷಾನುಗಟ್ಟಲೆ ನಮ್ಮ ಕಟ್ಟಿಗೆ ಕಡಿದವನಿಗೆ ರಸ್ತೆ ಗ್ಯಾಂಗಿನಲ್ಲಿ ಸರಕಾರಿ ಕೆಲಸ ಸಿಕ್ಕಿ, ಅವನು ಕೊಡಲಿ ಬಿಟ್ಟು ಸೈಕಲ್ ಹತ್ತಿದ್ದ.

"ಅಂದರ ಕಟ್ಟಿಗಿ ಸಿಕ್ಕರ ಗ್ಯಾಸು ಬ್ಯಾಡ. ಹೌದಲ್ಲೋ? ಹಿತ್ತಲದಾಗ ಮೂರು ವರ್ಷದ ಕಟ್ಟಿಗಿ ಅಡ್ಡ ಬಿದ್ದದ. ಕಾರ್ಡಿನ ಗಡುವಿನೊಳಗ ಆ ಬೊಡ್ಡಿ ಪೂರಾ ತುಂಡಾತು, ಗ್ಯಾಸಿನ ಮಾತು ಮುಗೀತು. ಆಗಲಿಲ್ಲ, ನಾನ ಸ್ವತಃ ಸಹಿ ಮಾಡ್ತೀನಿ."

ಅತ್ತೆಯವರು ಒಳಗಿನಿಂದ ಕೆಮ್ಮಿದರು. ಅದು ಅವರ ಅಭಿಪ್ರಾಯವೋ ಹೊಗೆಯೋ ಯಾರಿಗೂ ತಿಳಿಯಲಿಲ್ಲ.

ನಮ್ಮವರು ಎಂಥ ಮನುಷ್ಯರೆಂದರೆ, ಗ್ಯಾಸಿಗೆ ಹೆಸರು ಹಚ್ಚಿದವರೂ ಅವರೇ, ಅಪ್ಪನ ಮಾತಿಗೆ ಕಟ್ಟುಬಿದ್ದು ಮರುದಿನವೇ ಶಿಗ್ಗಾಂವಿಗೆ ಬಸ್ ಹತ್ತಿದವರೂ ಅವರೇ. ಅಲ್ಲಿ ಒಂದು ಕಟ್ಟಿಗೆ ಅಡ್ಡೆ ಮುಚ್ಚುತ್ತಿತ್ತು. ಅದರ ಸಾಮಾನಿನಲ್ಲಿ ಒಂದು ಚೈನ್ ಗರಗಸ, ಪರದೇಶದ್ದು. ಸಂಜೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ಬಂದರು. ಬಿಚ್ಚಿ ನೋಡಿದರೆ ಎಂಜಿನ್ ಮಾತ್ರ ಇತ್ತು. ಮುಂದೆ ಚಾಚುವ ಕಬ್ಬಿಣದ ಪಟ್ಟಿ, ಅದಕ್ಕೆ ಬಾರು ಎನ್ನುತ್ತಾರೆ, ಇರಲಿಲ್ಲ. ಬಾರಿನ ಸುತ್ತ ಓಡುವ ಹಲ್ಲಿನ ಚೈನೂ ಇರಲಿಲ್ಲ. ಒಂದು ಇಂಗ್ಲಿಷ್ ಪುಸ್ತಿಕೆ ಇತ್ತು.

"ಓದು, ತಂಗಿ," ಎಂದರು ಮಾವನವರು ನನಗೆ.

ಸುಳ್ಳು ಹೇಳಬಹುದಿತ್ತು. ಆದರೆ ನಮ್ಮ ಸಿಸ್ಟರ್‌ಗಳು ಸುಳ್ಳಿಗೆ ಕೊಡುತ್ತಿದ್ದ ಪನಿಶ್‌ಮೆಂಟು ನನ್ನ ಮೊಣಕಾಲಿಗೆ ಇನ್ನೂ ನೆನಪಿತ್ತು. ಇದ್ದದ್ದನ್ನು ಇದ್ದಂತೆ ಓದಿದೆ: ಇದು ಸಣ್ಣ ಎಂಜಿನ್ನು, ಮನೆಯ ಕಟ್ಟಿಗೆಗೆ ತಕ್ಕದ್ದು, ಇದಕ್ಕೆ ಹದಿನಾರು ಇಂಚಿನ ಬಾರು ಸಾಕು. ಅದಕ್ಕಿಂತ ದಪ್ಪನೆಯ ಬೊಡ್ಡೆಯನ್ನು ಎರಡೂ ಬದಿಯಿಂದ ಕೊಯ್ಯಬೇಕು. ಉದ್ದ ಬಾರು ಹಾಕಿದರೆ ಎಂಜಿನ್ನು ಅದನ್ನು ಎಳೆಯಲಾರದು.

ಮಾವನವರು ಎದ್ದು ಹಿತ್ತಿಲಿಗೆ ಹೋಗಿ ತಮ್ಮ ಮೊಳದಿಂದ ಬೊಡ್ಡೆಯ ಅಡ್ಡಗಲ ಅಳೆದು ಬಂದರು.

"ಬೊಡ್ಡಿ ಒಂದೂವರಿ ಮೊಳ ಅದ. ಹದಿನಾರು ಇಂಚು ಅಂದರ ಒಂದು ಮೊಳಕ್ಕೂ ಕಡಿಮಿ. ಗೇಣುದ್ದದ ಚಮಚ ಇಳಿಬಿಟ್ಟು ಬಾವಿ ನೀರು ತಗೀಲಿಕ್ಕಾಗ್ತದೇನು? ಆ ಪುಸ್ತಕ ಬರದವರ ದೇಶದಾಗ ಹುಣಸಿ ಮರ ಇಲ್ಲ. ದೊಡ್ಡದು ತಾ."

ನಾನು ಸತ್ಯ ಹೇಳಿದ್ದೆ, ಅವರು ನಂಬಲಿಲ್ಲ. ನನ್ನ ಕಾನ್‌ಶಿಯನ್ಸೂ ಕ್ಲೀನು, ಗ್ಯಾಸಿನ ಆಸೆಯೂ ಕ್ಲೀನು. ಎಂಥ ವಂಡರ್‌ಫುಲ್ ವ್ಯವಸ್ಥೆ ಎಂದುಕೊಂಡೆ.

ಸವಣೂರಿನಲ್ಲಿ ಒಬ್ಬ ಮಿಸ್ತ್ರಿ ಇಂಥ ಸಾಮಾನು ಇಟ್ಟಿದ್ದಾನೆಂದು ತಿಳಿದು ನಮ್ಮವರು ಅಲ್ಲಿಂದ ಇಪ್ಪತ್ತೆಂಟು ಇಂಚಿನ ಬಾರು ತಂದರು. ಬಸ್ಸಿನಲ್ಲಿ ಕಂಡಕ್ಟರು ಅದನ್ನು ಮಲಗಿಸಲಿಕ್ಕೆ ಬಿಡದ್ದರಿಂದ, ಇವರು ದಾರಿಯುದ್ದಕ್ಕೂ ಖಡ್ಗದಂತೆ ನೆಟ್ಟಗೆ ಹಿಡಿದು ಕೂತಿದ್ದರಂತೆ. ಚೈನು ಮಾತ್ರ ಹಿರೇಕೆರೂರಿನ ಸಂತೆಯಲ್ಲಿ ಸಿಕ್ಕಿತು, ಹಳೆ ಕಬ್ಬಿಣದ ರಾಶಿಯಲ್ಲಿ. ಎರಡನ್ನೂ ಎಂಜಿನ್ನಿಗೆ ಕೂಡಿಸಹೋದರೆ ಚೈನು ನಾಲ್ಕು ಬೆರಳು ಗಿಡ್ಡ.

ಮತ್ತೆ ಪುಸ್ತಿಕೆ ತೆಗೆದೆ. ಮೂರು ಸಂಗತಿ ಕೂಡಬೇಕೆಂದು ಓದಿದೆ. ಒಂದು, ಚೈನಿನ ಕೊಂಡಿಗಳ ನಡುವಿನ ಅಂತರ ಎಂಜಿನ್ನಿನ ಹಲ್ಲುಗಾಲಿಗೆ ಸರಿಹೊಂದಬೇಕು. ಎರಡು, ಕೊಂಡಿಯ ದಪ್ಪ ಬಾರಿನ ಅಂಚಿನ ಸಂದಿಗೆ ಸರಿಯಾಗಿ ಕೂಡಬೇಕು. ಮೂರು, ಕೊಂಡಿಗಳ ಸಂಖ್ಯೆ ಬಾರಿನ ಉದ್ದಕ್ಕೆ ಸರಿಯಾಗಿರಬೇಕು.

"ಒಬ್ಬರ ರವಿಕಿಗೆ ಇನ್ನೊಬ್ಬರ ತೋಳು ಹಚ್ಚಿದಂಗ ಆಗ್ತದರಿ ಇದು," ಎಂದೆ.

"ಹಚ್ಚಿದರ ಏನಾತು? ಬಡವರು ಹಚಗೋತಾರ," ಎಂದರು ಮಾವನವರು. "ಚೈನು ಅಂದಮ್ಯಾಲೆ ಚೈನು. ನಾಲ್ಕು ಬೆರಳು ಜೋಡಿಸು ಅನ್ನು."

ಇಲ್ಲೇ ಹಾನಗಲ್ಲಿನ ಸೈಕಲ್ ಅಂಗಡಿಯವನು ಎಲ್ಲಿಯದೋ ಒಂದು ತುಂಡು ಬಡಿದು ಜೋಡಿಸಿಕೊಟ್ಟ. ಇನ್ನು ಉಳಿದದ್ದು ಎಣ್ಣೆ. ಚೈನು ಬಾರಿನ ಮೇಲೆ ಸವೆಯದೆ ಓಡಲು ಗರಗಸಕ್ಕೆ ಬೇರೆಯೇ ಒಂದು ಎಣ್ಣೆಯ ಡಬ್ಬಿ ಇರುತ್ತದೆ. ಓಡಿದಷ್ಟೂ ಹೊತ್ತು ಎಣ್ಣೆ ಜಿನುಗಿ ಕಟ್ಟಿಗೆಯ ಮೇಲೂ ಸಿಡಿಯುತ್ತದೆ.

"ಯಾವ ಎಣ್ಣಿ?" ಎಂದರು ಮಾವನವರು.

"ಮಷಿನ್ ಎಣ್ಣಿರಿ."

"ಅದರಾಗ ಯಾವ ಪ್ರಾಣಿ ಕೊಬ್ಬು ಅದನೋ. ಆ ಕಟ್ಟಿಗಿಂದ ದೇವರ ನೈವೇದ್ಯ ಆಗಬೇಕು. ಕುಸುಬಿ ಎಣ್ಣಿ ಹಾಕ್ರಿ. ಮನೀ ಗಾಣದ್ದು, ಶುದ್ಧ."

ನಮ್ಮ ಮನೆಯ ಮಡಿಯಲ್ಲಿ ಕಟ್ಟಿಗೆಗೆ ಒಂದು ವಿನಾಯಿತಿ ಇತ್ತು. ಯಾರು ಕಡಿದರೂ, ಯಾರು ಹೊತ್ತರೂ, ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಒಲೆಗೆ ಬರುತ್ತಿತ್ತು. ಎಣ್ಣೆಗೆ ಆ ವಿನಾಯಿತಿ ಇರಲಿಲ್ಲ. ಅತ್ತೆಯವರು ಗೊಣಗುತ್ತ ಅಡುಗೆಮನೆಯಿಂದ ಸೇರು ತುಂಬ ಕುಸುಬಿ ಎಣ್ಣೆ ಅಳೆದುಕೊಟ್ಟರು.

ಭಾನುವಾರ ಗರಗಸ ಶುರುವಾಯಿತು. ಹತ್ತು ನಿಮಿಷದಲ್ಲಿ ಇಡೀ ಓಣಿಗೆ ಭಜಿ ಕರಿದ ವಾಸನೆ. ಆಚೆಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಯಾರ ಬಂದಾರವಾ ಮನಿಗೆ? ಇಷ್ಟ ಕರಿಲಿಕ್ಹತ್ತೀರಿ!" ಎಂದಳು. ಅಷ್ಟರಲ್ಲಿ ನಮ್ಮ ಹಳೆಯ ಕಟ್ಟಿಗೆಯವನೂ ರಜೆಯ ದಿನವೆಂದು ಸೈಕಲ್ ಹಿಡಿದು ನೋಡಲು ಬಂದು ನಿಂತ.

"ರಾಯರ, ಅದು ಕೊಯ್ಯಾಕತ್ತಿಲ್ಲರಿ, ಅಳಾಕತ್ತೈತಿ," ಎಂದ.

ನಿಜವೇ. ಅಷ್ಟುದ್ದದ ಬಾರನ್ನು ಮರದಲ್ಲಿ ಎಳೆಯಲಾರದೆ ಎಂಜಿನ್ನು ನರಳಿ ನರಳಿ ನಿಲ್ಲುತ್ತಿತ್ತು. ನಾಲ್ಕನೆಯ ಸಲ ನಮ್ಮವರು ಸಿಟ್ಟಿನಿಂದ ಒತ್ತಿ ಹಿಡಿದರು. ಕಟಕಟ ಸದ್ದಾಯಿತು, ಜೋಡಿಸಿದ ತುಂಡು ಹಲ್ಲುಗಾಲಿಯ ಮೇಲೆ ಏರಿತು, ಚೈನು ಹರಿದು ಹಾವಿನಂತೆ ಹಾರಿ ಅವರ ಧೋತರದ ಕಚ್ಚೆಯನ್ನು ಕತ್ತರಿಸಿಕೊಂಡು ಬಾಳೆಗಿಡಕ್ಕೆ ಹೋಗಿ ಸುತ್ತಿಕೊಂಡಿತು. ನಮ್ಮವರು ಎರಡೂ ಕೈಯಲ್ಲಿ ಧೋತರ ಹಿಡಿದು ನಿಂತಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಅವರು ಬಿಚ್ಚಿಟ್ಟ ಧೋತರವನ್ನು ಹರವಿ ನೋಡಿದೆ. ಹರಿದದ್ದು ತೊಡೆಗೆ ಬರುವ ಜಾಗದಿಂದ ಎರಡು ಬೆರಳು ದೂರದಲ್ಲಿ.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಖರೇ ಹೇಳು. ಆ ಪುಸ್ತಕದಾಗ ಏನದ?"

ಮೊದಲ ಸಲ ಯಾರೋ ನನ್ನನ್ನು ನಂಬಲು ತಯಾರಾಗಿ ಕೇಳಿದ್ದರು. ಗಡುವಿಗೆ ಇನ್ನೊಂದು ವಾರವಿತ್ತು. ಇಪ್ಪತ್ತೆಂಟೇ ಸರಿ, ಚೈನು ಇನ್ನಷ್ಟು ಬಿಗಿ ಮಾಡಿ ಎಂದಿದ್ದರೆ ಗ್ಯಾಸು ನನ್ನದು. ಆದರೆ ಆ ಎರಡು ಬೆರಳು ನನ್ನ ಕಣ್ಣ ಮುಂದೆ ಇತ್ತು.

"ಹದಿನಾರು ಇಂಚುರಿ," ಎಂದೆ. "ಬಾರು, ಚೈನು, ಹಲ್ಲುಗಾಲಿ ಮೂರೂ ಒಂದಕ್ಕೊಂದು ಕೂಡೋವು ಬೇಕು. ಇಲ್ಲಾಂದರ ಅದನ್ನ ಮುಟ್ಟಬ್ಯಾಡ್ರಿ."

ಸವಣೂರಿನ ಮಠಕ್ಕೆ ದರ್ಶನಕ್ಕೆಂದು ಹೇಳಿ ಅಂದೇ ಮಧ್ಯಾಹ್ನ ಇಬ್ಬರೂ ಬಸ್ ಹತ್ತಿದೆವು. ದರ್ಶನವನ್ನೂ ಮಾಡಿದೆವು, ಸುಳ್ಳಾಗಬಾರದಲ್ಲ. ಮಿಸ್ತ್ರಿಯ ಅಂಗಡಿಯಲ್ಲಿ ನಾನು ಸೆರಗು ಹೊದ್ದು, ಪುಸ್ತಿಕೆ ಹಿಡಿದು, ಬಾರಿನ ಮೇಲೆ ಕೊರೆದ ನಂಬರು ಹುಡುಕುತ್ತಿದ್ದೆ. ಯಾವುದೂ ಕೂಡಲಿಲ್ಲ. ಕಡೆಗೆ ತಲೆ ಎತ್ತಿದರೆ, ಅವನ ಅಂಗಡಿಯ ಕಿಟಕಿಯ ಬಾಗಿಲು ಬಡಿದುಕೊಳ್ಳದಂತೆ ಒಂದು ಬಾರು ಊರುಗೋಲಾಗಿ ನಿಂತಿತ್ತು. ಚೈನು ಅದರ ಮೇಲೆಯೇ ಇತ್ತು. ನಂಬರು ನೋಡಿದೆ. ಪುಸ್ತಿಕೆಯಲ್ಲಿದ್ದದ್ದೇ.

"ಅದೇನ್ರಿ ಅಕ್ಕಾರ?" ಎಂದು ಮಿಸ್ತ್ರಿ ಎಲೆ ಅಡಿಕೆ ಒಂದು ದವಡೆಗೆ ಸರಿಸಿದ. "ಅದು ಆ ಶಿಗ್ಗಾಂವಿ ಮಷಿನ್ನಿಂದ ಖರೇ ಬಾರು. ರಿಪೇರಿಗೆ ಬಂದಿತ್ತು, ಒಯ್ಯಾಕ ಬರಲೇ ಇಲ್ಲ."

"ಅವತ್ತ ಯಾಕ ಹೇಳಲಿಲ್ಲೋ ಮಾರಾಯಾ!" ಎಂದರು ನಮ್ಮವರು.

"ರಾಯರ, ನೀವು ಬಂದು ನಿಂತು, ಇದ್ದದ್ದರಾಗ ದೊಡ್ಡದು ಕೊಡು ಅಂದ್ರಿ. ದೊಡ್ಡ ಮಂದಿಗೆ ಸಣ್ಣದು ಹೆಂಗ್ ತೋರಸ್ಲಿ? ಬೇಅದಬಿ ಆಗತೈತಿ."

ಮರುದಿನ ದಶಮಿ. ನಮ್ಮವರು ಕಚೇರಿಯಿಂದ ಬೇಗ ಬಂದು, ಅದೇ ಕುಸುಬಿ ಎಣ್ಣೆ ತುಂಬಿ, ಸಣ್ಣ ಬಾರು ಹಾಕಿ ಗರಗಸ ಹಚ್ಚಿದರು. ಅಳುತ್ತಿದ್ದ ಪ್ರಾಣಿ ಹಾಡಿತು. ಈ ಬದಿಯಿಂದ ಅರ್ಧ, ಆ ಬದಿಯಿಂದ ಅರ್ಧ, ಹುಣಸೆಯ ಬೊಡ್ಡೆ ಕಲ್ಲಂಗಡಿಯಂತೆ ಹೋಳಾಗಿ ಬಿತ್ತು. ಹೊತ್ತು ಮುಳುಗುವುದರೊಳಗೆ ಅರ್ಧ ಮರ ಮುಗಿದಿತ್ತು.

"ಇನ್ನೊಂದು ಸಂಜಿ ಕೆಲಸ," ಎಂದರು ಮಾವನವರು. "ನಾಳೆ ಏಕಾದಶಿ, ಬ್ಯಾಡ."

"ಬಿದ್ದ ಮರ ಅದ, ಅಪ್ಪಾ. ಕಡದರ ಏನು ದೋಷ?"

"ಏಕಾದಶಿ ದಿವಸ ಬಿದ್ದವರನ್ನೂ ಹೊಡೀಬಾರದು. ನಾಡದು ದ್ವಾದಶಿ, ಬೆಳಿಗ್ಗೆ ಪಾರಣಿ, ಆಮೇಲೆ ಯಾರಿಗೂ ಏಳಲಿಕ್ಕಾಗೂದಿಲ್ಲ. ಸೋಮವಾರದ ತನಕ ಗಡುವು ಅದ, ಏನು ಗಡಿಬಿಡಿ?"

ಶುಕ್ರವಾರ, ಶನಿವಾರ ನಮ್ಮವರಿಗೆ ಹಳ್ಳಿಯ ಮೇಲೆ ಕಚೇರಿಯ ಕೆಲಸ ಬಂತು. ಗರಗಸ ಹಿತ್ತಿಲ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಿತ್ತು. ದಿನಕ್ಕೆ ಹತ್ತು ಸಲ ನೀರಿಗೆಂದು ಅದರ ಪಕ್ಕದಲ್ಲೇ ಹಾಯುತ್ತಿದ್ದೆ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಎಣ್ಣೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಬೀಜದಿಂದ ತೆಗೆದ ಎಣ್ಣೆ ಬಳಸಿದರೆ ಅದೇ ದಿನ ಒರೆಸಿ ತೊಳೆಯಬೇಕು, ಬಿಟ್ಟರೆ ಒಣಗಿ ಅಂಟಾಗುತ್ತದೆ. ಅದನ್ನು ನಾನು ಓದಿದ್ದೆ. ಯಾವ ಎಣ್ಣೆ ಎಂದು ಕೇಳಿದ್ದರು, ಹೇಳಿದ್ದೆ. ಮುಂದೇನು ಎಂದು ಯಾರೂ ಕೇಳಲಿಲ್ಲ. ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಕೇಳದ್ದನ್ನು ಹೇಳಬೇಕೆಂದು ಯಾವ ಕ್ಲಾಸಿನಲ್ಲೂ ಕಲಿಸಿರಲಿಲ್ಲ. ಇದರಿಂದ ಯಾರ ಕಾಲಿಗೂ ಅಪಾಯವಿಲ್ಲವೆಂದು ಎರಡೆರಡು ಸಲ ಓದಿ ಖಾತ್ರಿ ಮಾಡಿಕೊಂಡಿದ್ದೆ. ನಾಲ್ಕು ದಿನ ಆ ಗರಗಸದ ಪಕ್ಕದಲ್ಲಿ ಕೊಡ ಹೊತ್ತು ಓಡಾಡಿದೆ, ಬಾಯಿ ಬಿಡಲಿಲ್ಲ.

ಭಾನುವಾರ ಹಗ್ಗ ಜಗ್ಗಿದರೆ ಎಂಜಿನ್ನು ಗುರ್ ಎಂದಿತು, ಚೈನು ಮಾತ್ರ ಮಿಸುಕಲಿಲ್ಲ. ಬಾರಿನ ಸಂದಿನಲ್ಲಿ ಎಣ್ಣೆ ಹಳೆಯ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಚೈನನ್ನು ಹಿಡಿದುಕೊಂಡಿತ್ತು. ನಮ್ಮವರು ಬಡಿದರು, ಬಿಸಿನೀರು ಹಾಕಿದರು. ಮಾವನವರು ಉಗುರಿನಿಂದ ಕೆರೆದು ಮೂಸಿ ನೋಡಿದರು.

ಕಟ್ಟಿಗೆಯವನು ಆ ವಾರವೂ ಬಂದಿದ್ದ. ಬೆರಳಿಂದ ಮುಟ್ಟಿ ನೋಡಿ ಅವನ ಮುಖ ಅರಳಿತು.

"ಕುಸುಬಿ ಎಣ್ಣಿ ಹಾಕಿದ್ರೇನ್ರಿ? ನಮ್ಮಪ್ಪ ಬಾವಿ ನೀರು ಎತ್ತೋ ತೊಗಲಿನ ಚೀಲಕ್ಕ ಇದನ್ನ ಹಚ್ಚಿ ಬಿಸಲಾಗ ಇಡತಿದ್ದ. ನಾಕ ದಿನದಾಗ ಹಿಂಗ ಗಟ್ಟಿ. ಹನಿ ನೀರ ಸೋರತಿದ್ದಿಲ್ಲ. ತೊಗಲಿಗೆ ಇದಕ್ಕಿಂತ ಚಲೋ ಎಣ್ಣಿ ಇಲ್ಲ ಬಿಡ್ರಿ!"

ಮಾವನವರು ತಮ್ಮ ಶುದ್ಧ ಎಣ್ಣೆಯ ಬೆರಳನ್ನು ದೂರ ಹಿಡಿದುಕೊಂಡೇ ನೀರಿನ ಹತ್ತಿರ ಹೋದರು. ಕೈ ತೊಳೆದುಕೊಂಡು ಬಂದರು.

"ಇದನ್ನ ಬಿಚ್ಚಿ ತೊಳೀಲಿಕ್ಕೆ ಎಷ್ಟು ದಿನ?"

"ಸವಣೂರಿಗೆ ಒಯ್ದರ ನಾಲ್ಕು ದಿನ," ಎಂದರು ನಮ್ಮವರು.

"ನಾಳಿಗೆ ಗಡುವು." ಪಂಡಿತರು ವಾದದಲ್ಲಿ ಸೋತರೆ ಸೋತೆ ಎನ್ನುವವರು, ಅದೊಂದು ದೊಡ್ಡ ಗುಣ ಅವರದು. "ಕಾಗದ ಬರಿ, ತಂಗಿ. ಎಲ್ಲಿ ಸಹಿ ಮಾಡಬೇಕು ತೋರಸು. ನೈವೇದ್ಯ ಮಾತ್ರ ಇದ್ದಲಿ ಒಲಿ ಮ್ಯಾಲೆ ಆಗಬೇಕು."

ಸೋಮವಾರ ಮೊದಲ ಬಸ್ಸಿಗೆ ನಮ್ಮವರು ಹುಬ್ಬಳ್ಳಿಗೆ ಹೋಗಿ ಕಾಗದ ಕೊಟ್ಟು ಸಿಲಿಂಡರ್, ಒಲೆ ಎರಡೂ ತಂದರು. ಅತ್ತೆಯವರು ಒಲೆಗೆ ಕುಂಕುಮ ಹಚ್ಚಿ ದೂರ ಸರಿದು, ಬಾಗಿಲ ಮರೆಯಿಂದ ನೀಲಿ ಉರಿ ನೋಡಿದರು. "ಹೊಗಿ ಎಲ್ಲಿ ಹೋತ?" ಎಂದು ಮೇಲೆ ಹಂಚಿನತ್ತ ಹುಡುಕಿದರು.

ಅವರು ಆಚೆ ಹೋದ ಮೇಲೆ ನಮ್ಮವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ಕೈಯಲ್ಲಿ ಗರಗಸದ ಪುಸ್ತಿಕೆ ಇತ್ತು. ಬಸ್ಸಿನಲ್ಲಿ ಅಕ್ಷರ ಅಕ್ಷರ ಬಿಡಿಸಿ ಓದಿದ್ದರೆಂದು ಕಾಣುತ್ತದೆ.

"ಎಣ್ಣಿ ಬಗ್ಗೆ ಕೆಳಗ ಇನ್ನೊಂದು ಸಾಲು ಅದಲ್ಲ?"

"ಅದರಿ."

"ನೀ ಓದಲಿಲ್ಲ."

"ನೀವು ಕೇಳಲಿಲ್ಲ."

ಅವರು ನನ್ನ ಕೆಂಪು ಕಣ್ಣನ್ನೇ ನೋಡಿದರು. ಬೈಯುತ್ತಾರೆಂದು ಕಾಯುತ್ತ ನಿಂತೆ. ಪುಸ್ತಿಕೆಯನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಚಹಾ ಮಾಡು," ಎಂದರು. "ಲಗೂನ ಆಗ್ತದಂತ, ನೋಡೂಣು."