ಘಾಟು ಹತ್ತಿದ್ದು

ಬೂಟಿನ ಲಾಡಿ ಕಟ್ಟಿಕೊಳ್ಳುವಷ್ಟರಲ್ಲೇ ಏದುಸಿರು ಬಿಡುವ ಮನುಷ್ಯನೊಬ್ಬ ಪರ್ವತ ಹತ್ತಿದ ಕಥೆ ಹೇಳಲು ಹೊರಟರೆ ನಿಮಗೆ ನಗು ಬರುವುದು ಸಹಜ. ಸಂಕೋಚವಿಲ್ಲದೆ ನಗಿ, ನಮ್ಮ ಮನೆಯಲ್ಲಿ ಆ ಕೆಲಸ ಎಂದೋ ಮುಗಿದಿದೆ. ಹುಕ್ಕೇರಿಯ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಕನ್ನಡ ವ್ಯಾಕರಣ ಕಲಿಸಿದ ನನಗೆ ‘ಘಾಟು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ ಎಂಬುದು ಗೊತ್ತಿತ್ತು: ಮೆಣಸಿನಕಾಯಿ ಹುರಿಯುವಾಗ ಮೂಗಿಗೆ ಅಡರುವುದು ಒಂದು, ಬೆಟ್ಟಗಳ ನಡುವೆ ದಾಟಿಹೋಗುವ ದಾರಿ ಇನ್ನೊಂದು. ಎರಡರಲ್ಲೂ ಕಣ್ಣಿನಿಂದ ನೀರು ಬರುತ್ತದೆ ಎಂಬುದನ್ನು ಮಾತ್ರ ನಿವೃತ್ತನಾದ ಮೇಲೆ, ಹೆಂಡತಿಯ ದೆಸೆಯಿಂದ ಕಲಿತೆ.

ನನ್ನ ಹೆಂಡತಿ ನೀಲಾ ಸರ್ಕಾರಿ ನರ್ಸ್ ಆಗಿದ್ದವಳು. ನಮ್ಮ ಮನೆ ಮೂಡಲಗಿಯಲ್ಲಿ. ಅಲ್ಲಿಂದ ತುಕ್ಕಾನಟ್ಟಿಗೂ ಸುತ್ತಲಿನ ತೋಟದ ಮನೆಗಳಿಗೂ, ಲಸಿಕೆಯ ಡಬ್ಬಿಯನ್ನು ಕ್ಯಾರಿಯರಿಗೆ ಬಿಗಿದುಕೊಂಡು, ನೌಕರಿಯುದ್ದಕ್ಕೂ ಸೈಕಲ್ ಮೇಲೆ ತಿರುಗಿದಳು. ಅವಳು ಚುಚ್ಚಿದ ಕೂಸುಗಳು ಈಗ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತವೆ. ಅವಳು ಎದುರಾದರೆ ತೋಳು ಉಜ್ಜಿಕೊಳ್ಳುತ್ತ ದಾರಿ ಬಿಡುತ್ತವೆ. ಸ್ಕೂಟಿ ಕೊಡಿಸುತ್ತೇನೆಂದು ನಾನು ಔದಾರ್ಯ ತೋರಿದಾಗ, ಅದು ಕೆಟ್ಟರೂ ನೂಕಬೇಕು ಇದು ಕೆಟ್ಟರೂ ನೂಕಬೇಕು, ನೂಕುವುದೇ ಆದರೆ ಹಗುರಾದದ್ದು ಇರಲಿ ಎಂದಿದ್ದಳು.

ಅವಳು ನಿವೃತ್ತಳಾದ ವರ್ಷ ಹಳೆಯ ಗೆಳತಿಯೊಬ್ಬಳು ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಹಿಮದ ಎರಡು ಗೋಡೆಗಳ ನಡುವೆ, ಹಾವಿನಂತೆ ಹೊರಳಿ ಹೊರಳಿ ಏರುವ ರಸ್ತೆಯಲ್ಲಿ ಯಾರೋ ಸೈಕಲ್ ತುಳಿಯುತ್ತಿದ್ದರು. ನೀಲಾ ಅದನ್ನು ನಾಲ್ಕು ಸಲ ನೋಡಿ, ಆ ದಾರಿ ಎಲ್ಲಿದೆಯೆಂದು ಕೇಳಿದಳು. ಹಿಮಾಚಲದಲ್ಲಿ, ಮನಾಲಿಯ ಮೇಲೆ, ರೊಹ್ತಾಂಗ್ ಘಾಟು ಎಂದು ನಾನು ಪಾಂಡಿತ್ಯ ಮೆರೆದೆ. ಹದಿಮೂರು ಸಾವಿರ ಅಡಿ ಎಂದೂ ಸೇರಿಸಿದೆ. ಹೆದರಲಿ ಎಂದು ಹೇಳಿದ ಅಂಕಿಯನ್ನು ಅವಳು ವಿಳಾಸದಂತೆ ನೆನಪಿಟ್ಟುಕೊಂಡಳು.

ವಾರದೊಳಗೆ ಗೋಕಾಕದಿಂದ ಗೇರಿನ ಸೈಕಲ್ ಬಂತು. ಪ್ರತಿ ಬೆಳಿಗ್ಗೆ ಗೋಕಾಕದವರೆಗೆ ತುಳಿದು, ಅಲ್ಲಿಂದ ಘಟಪ್ರಭೆಯ ಫಾಲ್ಸಿನವರೆಗಿನ ಏರನ್ನು ಹತ್ತಿ ಇಳಿಯುವ ಅಭ್ಯಾಸ ಶುರುವಾಯಿತು. ಅವಳ ಹಳೆಯ ಸೈಕಲ್ಲಿಗೆ ಕಾಲು ಶತಮಾನ ಪಂಕ್ಚರ್ ತೆಗೆದ ದಸ್ತಗೀರಸಾಹೇಬರು ಹೊಸದನ್ನು ಮೂರು ಸುತ್ತು ಬಂದು ನೋಡಿ, “ಬಾಯಾರ, ಏರಿನ್ಯಾಗ ಗೇರ ನೆಚ್ಚಬ್ಯಾಡ್ರಿ, ಉಸರ ನೆಚ್ಚರಿ” ಎಂದು ಹರಸಿದರು. ನಾನೂ ಜೊತೆಗೆ ಬರಬೇಕೆಂದು ಅವಳು ಹಟ ಹಿಡಿದಳು. ಸೈಕಲ್ ತುಳಿಯಬಾರದು ಎಂಬ ಕರಾರಿನ ಮೇಲೆ ಒಪ್ಪಿಕೊಂಡೆ. ಬಾಡಿಗೆ ಜೀಪಿನಲ್ಲಿ ಹಿಂದಿನಿಂದ ಬರುವ ಸಾಮಾನುಗಳ ಪಟ್ಟಿಯಲ್ಲಿ ನನ್ನ ಹೆಸರು ಶೇಂಗಾ ಚಿಕ್ಕಿಯ ಕೆಳಗೆ ಇತ್ತು.

ಜೂನಿನಲ್ಲಿ ಹೋದೆವು. ದೇವದಾರು ಮರಗಳ ನೆರಳು ಮುಗಿದು ಹುಲ್ಲುಗಾವಲು, ಹುಲ್ಲುಗಾವಲು ಮುಗಿದು ಬಂಡೆ, ಬಂಡೆಗಳ ಸಂದಿನಲ್ಲಿ ಮಾಸಿದ ಧೋತರದಂಥ ಹಿಮ. ಅವಳು ಅವಸರವಿಲ್ಲದೆ, ಹಿಟ್ಟು ಬೀಸುವವಳಂತೆ ತುಳಿಯುತ್ತಿದ್ದಳು. ಎರಡೆರಡು ಕಿಲೋಮೀಟರಿಗೊಮ್ಮೆ ನಾನು ಡ್ರೈವರಿಗೆ ಹೇಳಿ ಜೀಪು ನಿಲ್ಲಿಸಿ ಚಿಕ್ಕಿ ಕೊಡುತ್ತಿದ್ದೆ. ಆದರೆ ಘಾಟಿನ ನೆತ್ತಿ ನಾಲ್ಕು ಕಿಲೋಮೀಟರ್ ಉಳಿದಾಗ ನನ್ನೊಳಗಿನ ಗಂಡಸು ಎಚ್ಚರಗೊಂಡ. ಹೆಂಡತಿ ತುಳಿದು ಏರುವಾಗ ಗಂಡ ಕೂತು ಏರುವುದೇ? ಜೀಪಿನಿಂದಿಳಿದು ನಡೆಯತೊಡಗಿದೆ.

ಬೆಳಗಿನಿಂದಲೇ ತಲೆ ನೋಯುತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ವಾಂತಿಯಾಯಿತು. ಬಾಯಿ ಒರೆಸಿಕೊಂಡು, ಯಾರೂ ನೋಡಲಿಲ್ಲವೆಂದು ಮುಂದೆ ನಡೆದೆ. ಮೇಲಿನ ತಿರುವಿನಿಂದ ಅವಳು ನೋಡಿದ್ದಳು. ಕಷ್ಟಪಟ್ಟು ಹತ್ತಿದ ಏರನ್ನು ಇಳಿದು ಬಂದು, ರಸ್ತೆಯ ಬಿಳಿಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿದಳು. ಹೊರಡುವ ಮುಂಚೆ ಡಾಕ್ಟರರನ್ನು ಕೇಳಿ, ಎತ್ತರದ ತೆಳು ಗಾಳಿ ತಲೆಗೆ ಹತ್ತಿದವರನ್ನು ಗುರುತಿಸುವ ಇಂಥ ಪರೀಕ್ಷೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳಂತೆ. ಸಾವಿರಾರು ಹುಡುಗರ ವಾಕ್ಯದೋಷ ತಿದ್ದಿದ ನಾನು ಮೂರನೆಯ ಹೆಜ್ಜೆಗೇ ಗೆರೆ ತಪ್ಪಿದೆ.

ನೆತ್ತಿಯ ಮೇಲಿನ ಬಣ್ಣಬಣ್ಣದ ಪತಾಕೆಗಳು ಅಲ್ಲಿಂದಲೇ ಕಾಣುತ್ತಿದ್ದವು. ನೀನು ಹೋಗಿ ಬಾ, ನಾನು ಜೀಪಿನಲ್ಲಿ ಕೂತಿರುತ್ತೇನೆ ಎಂದೆ. ಅವಳು ಒಮ್ಮೆಯೂ ಮೇಲಕ್ಕೆ ನೋಡಲಿಲ್ಲ. “ಘಾಟ ಎಲ್ಲಿಗೂ ಓಡಿ ಹೋಗಂಗಿಲ್ಲ. ಜೀಪ ಹತ್ತರಿ” ಎಂದಳು. ಕೂಸಿನ ತೋಳು ಹಿಡಿದು ಸೂಜಿ ಚುಚ್ಚುವ ಮೊದಲಿನ ದನಿ ಅದು; ಅದರ ಮುಂದೆ ವಾದ ನಡೆಯುವುದಿಲ್ಲ. ಸೈಕಲ್ಲನ್ನು ತಾನೇ ಎತ್ತಿ ಜೀಪಿಗೇರಿಸಿದಳು. ನಾಲ್ಕು ಸಾವಿರ ಅಡಿ ಇಳಿದು ಕೋಠಿ ಎಂಬ ಹಳ್ಳಿ ಮುಟ್ಟುವಷ್ಟರಲ್ಲಿ ನನ್ನ ತಲೆ ತಿಳಿಯಾಯಿತು. ತಿಳಿಯಾದ ತಲೆಯಲ್ಲಿ ಮೊದಲು ಹೊಳೆದದ್ದು ನಾನು ಮಾಡಿದ ಅನ್ಯಾಯ. ತಲೆನೋವನ್ನು ಬೆಳಿಗ್ಗೆಯೇ ಹೇಳಿ ಕೆಳಗೆ ಉಳಿದಿದ್ದರೆ ಅವಳು ಘಾಟು ಮುಟ್ಟುತ್ತಿದ್ದಳು.

ಮೂಡಲಗಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಅವಳು ಹವಾ ಸರಿಯಿರಲಿಲ್ಲ ಎಂದು ಹೇಳತೊಡಗಿದಳು. ಪೇಟೆಯಲ್ಲಿ, ಮದುವೆಯಲ್ಲಿ, ದಸ್ತಗೀರಸಾಹೇಬರ ಅಂಗಡಿಯಲ್ಲಿ, ಎಲ್ಲ ಕಡೆ ಅದೇ ಮಾತು. ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ನನಗಾಗಿ ಹೇಳುವ ಸುಳ್ಳಿಗೆ ಏನು ಉತ್ತರ ಕೊಡಲಿ? ಒಂದು ಸಂಜೆ ಅವಳು ಶೇಂಗಾ ಸುಲಿಯುತ್ತಿದ್ದಾಗ, ಬರುವ ವರ್ಷ ಒಬ್ಬಳೇ ಹೋಗು, ಟಿಕೀಟು ನಾನು ತೆಗೆಸುತ್ತೇನೆ ಎಂದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಒಬ್ಬಾಕೀನ ಹೋಗೂದು ನನಗ ರೂಢಿ ಐತ್ರಿ. ನೌಕರಿ ಮುಗಿಯೂತನಾ ಒಬ್ಬಾಕೀನ ಹೋಗೇನಿ, ಒಬ್ಬಾಕೀನ ಬಂದೇನಿ. ಇದೊಂದಕ್ಕರ ಜೋಡಿ ಇರ್ಲಿ ಅಂತ ಕರದಿದ್ದೆ.”

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋಗಿ ಫಾಲ್ಸಿನ ಏರು ಹತ್ತತೊಡಗಿದೆ.

ಮೊದಲ ದಿನ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕುಸಿದಾಗ ಕೋತಿಯೊಂದು ಬಂದು ಪಕ್ಕದಲ್ಲಿ ಕೂತು ನನ್ನನ್ನು ಸಜಾತೀಯನಂತೆ ನೋಡಿತು. ಎರಡನೆಯ ವಾರ ಮಂಡಿ ಬಾತಿತು; ಮೂರು ದಿನ ಎಣ್ಣೆ ತಿಕ್ಕಿಸಿಕೊಂಡು ನಾಲ್ಕನೆಯ ದಿನ ಮತ್ತೆ ಹೋದೆ. ಹಾಲು ಮಾರಿ ಬರುವವರು ಬೈಕ್ ನಿಲ್ಲಿಸಿ, ಗುರುಗಳಿಗೆ ಬಸ್ಸು ತಪ್ಪಿತೇನೋ ಎಂದು ಕರುಣೆಯಿಂದ ಹತ್ತಿಸಿಕೊಳ್ಳಲು ಬರುತ್ತಿದ್ದರು. ಅವರ ಕರುಣೆಯನ್ನು ತಿರಸ್ಕರಿಸುವುದೇ ಏರಿಗಿಂತ ಕಠಿಣ ವ್ಯಾಯಾಮವಾಯಿತು. ಘಟಪ್ರಭೆ ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಧುಮುಕಿದಾಗಲೂ, ಬೇಸಿಗೆಯಲ್ಲಿ ಬಂಡೆಯ ಮೇಲೆ ಎಳೆ ಎಳೆಯಾದಾಗಲೂ ಮೇಲೆ ನಿಂತು ನೋಡಿದೆ. ಬೆಲ್ಟಿಗೆ ಮೂರು ಹೊಸ ತೂತು ಹಾಕಿಸಿದೆ. ನೀಲಾ ಹೊಗಳಲಿಲ್ಲ, ಒಂದು ದಿನ ನನ್ನ ಅಳತೆಯ ನಡಿಗೆಯ ಬೂಟು ತಂದು ಕಟ್ಟೆಯ ಮೇಲೆ ಇಟ್ಟಿದ್ದಳು, ಅಷ್ಟೆ.

ಮರುವರ್ಷ ಡಾಕ್ಟರರ ಮಾತಿನಂತೆ ನಿಧಾನವಾಗಿ ಏರಿದೆವು. ಕೋಠಿಯಲ್ಲಿ ಮೂರು ದಿನ, ಅದರ ಮೇಲಿನ ಡಾಬಾಗಳ ಬಳಿ ಎರಡು ದಿನ. ಅಲ್ಪಸ್ವಲ್ಪ ತಲೆ ಭಾರವಾದರೂ ತಕ್ಷಣ ಅವಳಿಗೆ ವರದಿ ಒಪ್ಪಿಸುತ್ತಿದ್ದೆ. ಕೊನೆಯ ಬೆಳಿಗ್ಗೆ ನೆತ್ತಿಗೆ ಆರು ಕಿಲೋಮೀಟರ್ ಇರುವಾಗ ಜೀಪಿನಿಂದಿಳಿದೆ. ಅವಳು ಗೆರೆಯ ಮೇಲೆ ನಡೆಸಿ, ಹತ್ತೂ ಹೆಜ್ಜೆ ಎಣಿಸಿ, ಪಾಸು ಮಾಡಿದಳು.

ನನ್ನ ನಡಿಗೆಗೆ ಹೊಂದಿಸಲು ಅವಳು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ತುಳಿಯುತ್ತಿದ್ದಳು. ಹೋದ ವರ್ಷ ಹಿಂದಿರುಗಿದ ತಿರುವು ಬಂತು. ಇಬ್ಬರೂ ಅದನ್ನು ಗುರುತಿಸದವರಂತೆ ದಾಟಿದೆವು. ಕೊನೆಯ ಏರಿನಲ್ಲಿ ಅವಳು ಸೈಕಲ್ಲಿನಿಂದ ಇಳಿದು, ನೂಕಿಕೊಂಡು ನನ್ನ ಜೊತೆಗೇ ನಡೆಯುವ ತಯಾರಿಯಲ್ಲಿದ್ದಳು. ನಾನು ನಿಂತೆ. ಉಸಿರು ಸಾಲದ್ದರಿಂದ ಮಾತನ್ನು ತುಂಡು ತುಂಡಾಗಿ ಆಡಿದೆ.

“ಇಳೀಬ್ಯಾಡ. ನೀ ತುಳಕೋತ ಹತ್ತು. ನಾ ಬರತೇನಿ.”

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸೀಟಿನ ಮೇಲೆ ಕೂತಳು, ತುಳಿದಳು.

ನಾನು ಮುಟ್ಟಿದ್ದು ಅರ್ಧ ತಾಸಿನ ಮೇಲೆ. ಘಾಟಿನ ನೆತ್ತಿ ಕಾವ್ಯದಲ್ಲಿ ಇರುವಂತೆ ಇರಲಿಲ್ಲ: ಕೆಸರು, ಡೀಸೆಲ್ ಹೊಗೆ, ಬಾಡಿಗೆಯ ಕೋಟು ತೊಟ್ಟು ಯಾಕ್ ಎಂಬ ಜೂಲುಗೂದಲಿನ ಎತ್ತಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಜನ. ಇವೆಲ್ಲದರ ಆಚೆಗೆ, ಲಾಹೌಲ್ ಕಣಿವೆಯ ಕಡೆಗೆ, ಹೆಸರು ಕೇಳುವುದಕ್ಕೂ ಮನಸ್ಸಾಗದಷ್ಟು ಬೆಟ್ಟಗಳು. ನೀಲಾ ಬಂಡೆಯೊಂದರ ಮೇಲೆ ಕೂತಿದ್ದಳು. ನನ್ನನ್ನು ಕಂಡು ಸರಿದು ಜಾಗ ಮಾಡಿದಳು. ಪಕ್ಕದಲ್ಲಿ ಕೂತೆ. ಅವಳ ಕಣ್ಣು ಒದ್ದೆಯಾಗಿತ್ತು, ಗಾಳಿಗೆ ಎಂದಳು. ನನ್ನದೂ ಗಾಳಿಗೇ ಎಂದೆ.

ಮೋಡ ಕವಿಯತೊಡಗಿದಾಗ ಅವಳು ಜಾಕೀಟಿನ ಗುಂಡಿ ಹಾಕಿಕೊಂಡು, ಬ್ರೇಕು ಒತ್ತಿ ನೋಡಿ, ಕೆಳಗಿನ ಡಾಬಾದಲ್ಲಿ ಚಹಾ ಹೇಳಿರುತ್ತೇನೆಂದು ಹೊರಟಳು. ಹಿಂದೆಯೇ ಬಂದಿದ್ದ ಜೀಪಿನ ಡ್ರೈವರ್ ನನ್ನನ್ನು ಕರೆದ. ನಾನು ರಸ್ತೆಯ ಅಂಚಿಗೆ ಹೋಗಿ ನಿಂತೆ. ನೌಕರಿಯ ದಿನಗಳಲ್ಲಿ ನಾನು ಆರರ ಬಸ್ಸಿಗೆ ಹುಕ್ಕೇರಿಗೆ ಹೋಗುತ್ತಿದ್ದೆ, ಅವಳು ಏಳೂವರೆಗೆ ಸೈಕಲ್ ಹತ್ತುತ್ತಿದ್ದಳು. ರಜೆಯ ದಿನ ಮನೆಯಲ್ಲಿದ್ದರೂ ಪೇಪರಿನಿಂದ ತಲೆ ಎತ್ತಿದವನಲ್ಲ. ಅವಳು ಹೋಗುವುದನ್ನು ಬಾಗಿಲಲ್ಲಿ ನಿಂತು ಒಂದು ಸಲವೂ ನೋಡಿರಲಿಲ್ಲ.

ಮೊದಲ ತಿರುವು, ಎರಡನೆಯದು, ಮೂರನೆಯದು. ಎಷ್ಟು ನೆಟ್ಟಗೆ ಕೂಡುತ್ತಾಳೆ, ತಿರುವಿನಲ್ಲಿ ಎಷ್ಟು ಸಲೀಸಾಗಿ ಬಾಗುತ್ತಾಳೆ! ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಅವಳ ಕೆಂಪು ಜಾಕೀಟು ಮೋಡದೊಳಗೆ ಪೂರ್ತಿ ಮರೆಯಾಗುವವರೆಗೆ ನಾನು ಜೀಪು ಹತ್ತಲಿಲ್ಲ.